ವಾದದ ಒಂದೇ ದನಿ: ಮಧ್ಯಕಾಲದ ಕನ್ನಡ ಕಾವ್ಯ ಮತ್ತು ನಾವು ಉಳಿಸಿಕೊಂಡ ಸಾಲುಗಳು

(ಬೆಂಗಳೂರಿನ ಬಸವನಗುಡಿಯಲ್ಲಿ ಸಾಹಿತ್ಯಾಸಕ್ತರ ಸಭೆಯೊಂದರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಸಮಯದ ಅಭಾವದಿಂದ ಅಂದು ಬಿಟ್ಟುಹೋದ ಕೆಲವು ವಿವರಗಳನ್ನು ಇಲ್ಲಿ ಸೇರಿಸಲಾಗಿದೆ.)

ಸಭಿಕರೆಲ್ಲರಿಗೂ ನಮಸ್ಕಾರ.

ಮಧ್ಯಕಾಲೀನ ಸಾಹಿತ್ಯ ಎಂದ ಕೂಡಲೇ ತಾಳೆಗರಿ, ಹಳಗನ್ನಡ, ಪರೀಕ್ಷೆಯಲ್ಲಿ ಬಿಡಿಸಬೇಕಾದ ಸಂಧಿ ಸಮಾಸಗಳು ನೆನಪಾಗುವುದು ಸಹಜ. ಆದರೆ ಈ ಊರಿನಲ್ಲಿ ಒಂದು ದಿನ ಕಣ್ಣು ಕಿವಿ ತೆರೆದುಕೊಂಡು ಓಡಾಡಿದರೆ ಸಾಕು, ಆ ಸಾಹಿತ್ಯ ನಮ್ಮ ಮೈಗೆ ಎಷ್ಟು ಹತ್ತಿರ ಸುಳಿಯುತ್ತಿದೆ ಎಂಬುದು ತಿಳಿಯುತ್ತದೆ. ಪೀಣ್ಯದ ಕಡೆ ಲೇತ್ ಯಂತ್ರ ಹಾಕಿಕೊಂಡಿರುವ ಸಣ್ಣ ಕಾರ್ಖಾನೆಗಳ ಗೋಡೆಯ ಮೇಲೆ, ಆಟೋಗಳ ಹಿಂಬದಿಯಲ್ಲಿ, ಕಚೇರಿಯ ಮೇಜಿನ ಫಲಕದಲ್ಲಿ 'ಕಾಯಕವೇ ಕೈಲಾಸ' ಎಂದು ಬರೆದಿರುತ್ತದೆ. ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳುವ ಸಂಪಾದಕೀಯದಲ್ಲಿ ಕುಮಾರವ್ಯಾಸನ ಪದ್ಯವೊಂದು ಬರುತ್ತದೆ. ದೊಡ್ಡವರೊಬ್ಬರು ತೀರಿಕೊಂಡ ಮರುದಿನದ ಪತ್ರಿಕೆಯಲ್ಲಿ ರಾಘವಾಂಕನ ಸಾಲು ತಲೆಬರಹವಾಗಿ ನಿಲ್ಲುತ್ತದೆ. ಇವು ಯಾರ ಮಾತು ಎಂದು ಕೇಳಿದರೆ ಹೇಳಲಾರದವರೂ ಆ ಮಾತುಗಳನ್ನು ಆಡುತ್ತಾರೆ. ಎಂಟು ನೂರು ವರ್ಷಗಳ ಹಿಂದಿನ ಮಾತು ಇಷ್ಟು ಸಲೀಸಾಗಿ ಬಾಯಿಗೆ ಬರುವ ಭಾಗ್ಯ ಎಲ್ಲ ಭಾಷಿಕರಿಗೂ ಇಲ್ಲ.

ಈ ಸಂತೋಷವನ್ನು ಒಪ್ಪಿಕೊಂಡೇ ನಾನು ಇಂದು ಒಂದು ಆಕ್ಷೇಪವನ್ನು ನಿಮ್ಮ ಮುಂದೆ ಇಡಬಯಸುತ್ತೇನೆ. ನಾವು ಸುಭಾಷಿತದಂತೆ ಬಳಸುತ್ತಿರುವ ಈ ಸಾಲುಗಳಲ್ಲಿ ಬಹುಪಾಲು ಹುಟ್ಟಿದ್ದು ವಾಗ್ವಾದದ ನಡುವೆ. ಒಬ್ಬರು ಆಡಿದ್ದಕ್ಕೆ ಇನ್ನೊಬ್ಬರು ಎದುರಾಡಿದಾಗ, ಒಬ್ಬರು ತಪ್ಪಿದಾಗ ಇನ್ನೊಬ್ಬರು ತಡೆದು ನಿಲ್ಲಿಸಿದಾಗ ಈ ಮಾತುಗಳು ಬಂದಿವೆ. ನಾವು ವಾದದ ಒಂದು ದನಿಯನ್ನು ಎತ್ತಿಟ್ಟುಕೊಂಡು, ಅದರ ಪಕ್ಕದಲ್ಲೇ ಇದ್ದ, ಅನೇಕ ವೇಳೆ ಅದಕ್ಕಿಂತ ಚೂಪಾಗಿದ್ದ ಇನ್ನೊಂದು ದನಿಯನ್ನು ಬಿಟ್ಟುಬಿಟ್ಟಿದ್ದೇವೆ. ಆಧುನಿಕ ಕಾಲದಲ್ಲಿ ಈ ಸಾಹಿತ್ಯ ನಿಜವಾಗಿ ಮರುದನಿಗೊಂಡಿರುವುದು ಆ ಬಿಟ್ಟುಹೋದ ದನಿ ಮತ್ತೆ ಕೇಳಿಸಿದ ಕಡೆಗಳಲ್ಲಿ ಮಾತ್ರ ಎಂಬುದು ನನ್ನ ನಂಬಿಕೆ.

ಮೊದಲಿಗೆ 'ಕಾಯಕವೇ ಕೈಲಾಸ'ವನ್ನೇ ತೆಗೆದುಕೊಳ್ಳೋಣ. ಇದು ಬಸವಣ್ಣನವರ ಮಾತೆಂದು ಬಹಳ ಜನ ತಿಳಿದಿದ್ದಾರೆ. ವಚನವಾಗಿ ನಮಗೆ ದೊರೆತಿರುವುದು ಆಯ್ದಕ್ಕಿ ಮಾರಯ್ಯನಲ್ಲಿ. 'ಕಾಯಕದಲ್ಲಿ ನಿರತನಾದಡೆ, ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು, ಜಂಗಮ ಮುಂದಿದ್ದಡೂ ಹಂಗು ಹರಿಯಬೇಕು' ಎಂದು ಹೇಳಿ, ಅದಕ್ಕೆ ಕಾರಣವಾಗಿ ಆತ ಈ ಮಾತನ್ನು ಕೊಡುತ್ತಾನೆ. ಗೋಡೆಯ ಮೇಲಿನ ಫಲಕವನ್ನು ಕಂಡವರಿಗೆ ಇದು ದುಡಿಮೆಯ ಹೊಗಳಿಕೆಯಾಗಿ ತೋರುತ್ತದೆ. ವಚನವನ್ನು ಪೂರ್ತಿ ಓದಿದವರಿಗೆ ಗುರು, ಲಿಂಗ, ಜಂಗಮ ಮೂರನ್ನೂ ಬದಿಗೆ ಸರಿಸುವ ಆ ಎದೆಗಾರಿಕೆ ಕಾಣುತ್ತದೆ. ಅಷ್ಟನ್ನು ಆಡಬೇಕಾದರೆ ಎದುರಿಗೆ ಗುರುಪೂಜೆಯೇ ಮೇಲೆನ್ನುವ ಯಾರೋ ಇದ್ದಿರಬೇಕಲ್ಲವೆ?

ಈ ಮಾರಯ್ಯನ ಕಾಯಕವಾದರೂ ಏನು? ಕಲ್ಯಾಣದ ಶರಣರ ಮನೆಗಳ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ಮನೆಯಲ್ಲಿ ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಆಕೆಯ ವಚನ ಹೀಗಿದೆ:

'ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ? ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ? ಈಸಕ್ಕಿಯಾಸೆ ನಿಮಗೇಕೆ?'

ಕೊನೆಯ ಪ್ರಶ್ನೆಯನ್ನು ಗಮನಿಸಿ. ಆಸೆ, ರೋಷ, ಅರಸು, ಯಮದೂತರು ಎಂದು ದೊಡ್ಡ ಸಂಗತಿಗಳಿಂದ ಹೊರಟ ಮಾತು ಗಂಡನ ಕೈಯಲ್ಲಿರುವ ಅಕ್ಕಿಯ ಗಂಟಿಗೆ ಬಂದು ನಿಲ್ಲುತ್ತದೆ. ಹೆಚ್ಚಿನ ಅಕ್ಕಿ ಅಮರೇಶ್ವರಲಿಂಗಕ್ಕೆ ದೂರ ಎಂದು ಹೇಳಿ ಆಕೆ ಅದನ್ನು ಮರಳಿ ಸುರಿದು ಬರುವಂತೆ ಮಾಡುತ್ತಾಳೆ. ಇನ್ನೊಂದು ಕಡೆ ಇದೇ ಲಕ್ಕಮ್ಮ 'ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ' ಎಂದು, ಮಾತಿನಲ್ಲಿ ಮೈಮರೆತ ಗಂಡನನ್ನು ಕೆಲಸಕ್ಕೆ ಅಟ್ಟಿದವಳು. ಎಂದರೆ ದುಡಿಯಬೇಕೆಂದು ಎಚ್ಚರಿಸಿದವಳೂ ಅವಳೇ, ಎಷ್ಟು ತಂದರೆ ಸಾಕು ಎಂದು ಗೆರೆ ಎಳೆದವಳೂ ಅವಳೇ. ಹಗಲು ರಾತ್ರಿಗಳ ವ್ಯತ್ಯಾಸವಿಲ್ಲದೆ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವವರ ಈ ನಗರಕ್ಕೆ ಗಂಡನ ಮಾತು ಬೇಕಾಯಿತು; ಹೆಂಡತಿಯ ಪ್ರಶ್ನೆ ಬೇಡವಾಯಿತು. ಲಕ್ಕಮ್ಮನ 'ಈಸಕ್ಕಿಯಾಸೆ ನಿಮಗೇಕೆ' ಎಂಬ ಮಾತನ್ನು ಯಾವ ಕಚೇರಿಯ ಗೋಡೆಯ ಮೇಲೂ ನಾನು ಕಂಡಿಲ್ಲ.

ವಚನಗಳನ್ನು ವಾದವಾಗಿ ಓದಬೇಕೆಂಬುದು ನನ್ನ ಹೊಸ ಶೋಧವೇನೂ ಅಲ್ಲ. 15ನೇ ಶತಮಾನದಲ್ಲೇ ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ಸಂಕಲಿಸಿದಾಗ ವಚನಗಳನ್ನು ಸಂಭಾಷಣೆಯ ರೂಪದಲ್ಲಿ ಜೋಡಿಸಿದನು. ಅಲ್ಲಮನು ಒಬ್ಬೊಬ್ಬರನ್ನಾಗಿ ಸಂಧಿಸುತ್ತಾನೆ, ಕೆಣಕುತ್ತಾನೆ, ಉತ್ತರ ಪಡೆಯುತ್ತಾನೆ. ಮುಂದೆ ಬಂದ ಸಂಕಲನಕಾರರು ಅದೇ ಹೊಲಿಗೆಯನ್ನು ವಿಸ್ತರಿಸಿದರು. ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗಕ್ಕೆ ಅಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ವಚನಕಾರರಿಗೆ ನಮಗಿಂತ ಬಹಳ ಹತ್ತಿರವಿದ್ದ ಆ ಸಂಕಲನಕಾರರು ಬಿಡಿ ವಚನದ ಸುತ್ತ ಒಂದು ಸಭೆ ಇತ್ತೆಂಬುದನ್ನು ಮರೆಯಲಿಲ್ಲ.

ಆಧುನಿಕ ಕಾಲದಲ್ಲಿ ಇದು ಬದಲಾದದ್ದಕ್ಕೆ ಕಾರಣ ಯಾರ ದುರುದ್ದೇಶವೂ ಅಲ್ಲ. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಳೆಗರಿಗಳನ್ನು ಕೂಡಿಹಾಕಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದು, ವಿಜಯಪುರದಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸದೆ ಹೋಗಿದ್ದರೆ ವಚನಗಳು ನಮ್ಮ ಕೈಗೆ ಈ ಪ್ರಮಾಣದಲ್ಲಿ ಬರುತ್ತಿರಲಿಲ್ಲ. ಆ ಋಣ ತೀರುವಂಥದ್ದಲ್ಲ. ಆನಂತರ ಸರ್ಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಒದಗಿಸಿತು. ಆದರೆ ಮುದ್ರಣದ ಅಗತ್ಯಕ್ಕೆ ತಕ್ಕಂತೆ ವಚನಗಳು ಒಬ್ಬೊಬ್ಬ ವಚನಕಾರರ ಹೆಸರಿನ ಕೆಳಗೆ ಸಾಲಾಗಿ ನಿಂತವು. ಮಾರಯ್ಯ ಒಂದು ಕಡೆ, ಲಕ್ಕಮ್ಮ ಇನ್ನೊಂದು ಕಡೆ. ಅಲ್ಲಿಂದ ಪಠ್ಯಪುಸ್ತಕಕ್ಕೆ, ಪಠ್ಯಪುಸ್ತಕದಿಂದ ಕ್ಯಾಲೆಂಡರಿಗೆ, ಕ್ಯಾಲೆಂಡರಿನಿಂದ ಮೊಬೈಲಿನ ಶುಭೋದಯ ಸಂದೇಶಕ್ಕೆ ಬರುವಷ್ಟರಲ್ಲಿ ಉಳಿದದ್ದು ಎರಡು ಪದ.

ಕುಮಾರವ್ಯಾಸನ ವಿಷಯದಲ್ಲೂ ಹೀಗೆಯೇ ಆಗಿದೆ. ಆಳುವವರ ಮೇಲೆ ಸಿಟ್ಟು ಬಂದಾಗ ನಾವೆಲ್ಲರೂ ನೆನೆಯುವ ಪದ್ಯ ಇದು:

'ಅರಸು ರಾಕ್ಷಸ ಮಂತ್ರಿಯೆಂಬುವ
ಮೊರೆವ ಹುಲಿ ಪರಿವಾರ ಹದ್ದಿನ
ನೆರವಿ ಬಡವರ ಬಿನ್ನಪವನಿನ್ನಾರು ಕೇಳುವರು'

ವಿರೋಧ ಪಕ್ಷದಲ್ಲಿದ್ದವರು ಇದನ್ನು ಸದನದಲ್ಲಿ ಓದುತ್ತಾರೆ. ಅವರೇ ಅಧಿಕಾರಕ್ಕೆ ಬಂದ ಮೇಲೆ ಈಚೆ ಕಡೆಯವರು ಓದುತ್ತಾರೆ. ಕೆಟ್ಟ ಅರಸನೊಬ್ಬನನ್ನು ಬೈಯುವ ಪದ್ಯವೆಂದೇ ಇದು ಹೆಸರಾಗಿದೆ. ಆದರೆ ಸಭಾಪರ್ವದಲ್ಲಿ ಈ ಮಾತನ್ನು ಆಡುವವನು ನಾರದ, ಕೇಳಿಸಿಕೊಳ್ಳುವವನು ಧರ್ಮರಾಯ. ಮಯನು ಕಟ್ಟಿಕೊಟ್ಟ ಹೊಸ ಸಭೆಯಲ್ಲಿ, ಸಕಲ ವೈಭವಗಳ ನಡುವೆ ಕುಳಿತ, ಒಳ್ಳೆಯವನೆಂದು ಲೋಕವೇ ಒಪ್ಪಿದ ಅರಸನಿಗೆ ನಾರದನು ರಾಜ್ಯದ ಕುಶಲವನ್ನು ವಿಚಾರಿಸುತ್ತ, ನಿನ್ನ ನಾಡಿನ ಜನ ಹೀಗೆ ಹೇಳಿಕೊಂಡು ಬೇಯುತ್ತಿಲ್ಲ ತಾನೇ ಎಂದು ಕೇಳುತ್ತಾನೆ. ದುಷ್ಟನಿಗೆ ಹಾಕಿದ ಶಾಪವಾಗಿದ್ದರೆ ಈ ಪದ್ಯಕ್ಕೆ ಇಷ್ಟು ತೂಕ ಬರುತ್ತಿರಲಿಲ್ಲ. ಒಳ್ಳೆಯ ಅರಸನೂ ಉತ್ತರ ಕೊಡಬೇಕಾದ ಪ್ರಶ್ನೆ ಇದು. ಎದುರಿನ ಸಾಲಿನವರಿಗೆ ಇದನ್ನು ಓದಿ ಹೇಳುವುದು ಸುಲಭ, ತಮಗೆ ತಾವೇ ಕೇಳಿಕೊಳ್ಳುವುದು ಕಷ್ಟ. ಗದುಗಿನ ನಾರಣಪ್ಪ, ಅಂದರೆ ನಮ್ಮ ಕುಮಾರವ್ಯಾಸ, ಬರೆದದ್ದು ಎರಡನೆಯದಕ್ಕೆ. ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಯೊಬ್ಬರು ಈ ಭಾಗವನ್ನು ಹಿಂದುಮುಂದಿನ ಪದ್ಯಗಳೊಡನೆ ವಾಚಿಸಿ, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಡಿಸಿ ಹೇಳಿದಾಗ ಸಭೆಯ ಲಕ್ಷಣವೇ ಬೇರೆಯಾಗುತ್ತದೆ. ಚಪ್ಪಾಳೆ ತಟ್ಟಲು ಸಿದ್ಧವಾಗಿದ್ದ ಕೈಗಳು ಅಲ್ಲಿ ಕೊಂಚ ತಡೆಯುತ್ತವೆ.

ಈಗ ರಾಘವಾಂಕನಿಗೆ ಬರುತ್ತೇನೆ. ಇಂದಿನ ನನ್ನ ಮಾತಿನ ತಿರುಳು ಇರುವುದು ಇಲ್ಲಿ. ಹರಿಹರನ ಸೋದರಳಿಯನಾದ ರಾಘವಾಂಕನು 13ನೇ ಶತಮಾನದ ಆದಿಭಾಗದಲ್ಲಿ ಬರೆದ 'ಹರಿಶ್ಚಂದ್ರ ಕಾವ್ಯ'ದ 'ಪುರದ ಪುಣ್ಯಂ ಪುರುಷರೂಪಿಂದೆ ಪೋಗುತಿದೆ' ಎಂಬ ಸಾಲನ್ನು ನಾವು ಶ್ರದ್ಧಾಂಜಲಿಯ ಮಾತಾಗಿಸಿಕೊಂಡಿದ್ದೇವೆ. ಕಾವ್ಯದಲ್ಲಿ ಅಲ್ಲಿ ಸಾವು ಇಲ್ಲ. ಕೊಟ್ಟ ಮಾತಿಗಾಗಿ ರಾಜ್ಯವನ್ನು ವಿಶ್ವಾಮಿತ್ರನಿಗೆ ಒಪ್ಪಿಸಿ, ಹೆಂಡತಿ ಮಗನೊಡನೆ ಬರಿಗೈಯಲ್ಲಿ ಊರು ಬಿಡುತ್ತಿರುವ ಅರಸನನ್ನು ಕಂಡು ಅಯೋಧ್ಯೆಯ ಜನ ಆಡಿಕೊಳ್ಳುವ ಮಾತು ಅದು. ಬದುಕಿರುವಾಗಲೇ ಅಧಿಕಾರ ಬಿಟ್ಟು ನಡೆದವನ ಬಗ್ಗೆ ಊರಿನವರು ಪಟ್ಟ ಸಂಕಟ.

ಆದರೆ ಅರಸ ರಾಜ್ಯ ಬಿಟ್ಟದ್ದು ಏಕೆ ಎಂಬಲ್ಲಿ ರಾಘವಾಂಕನ ಪ್ರತಿಭೆ ಇದೆ. ಬೇಟೆಗೆಂದು ಬಂದು ಬೀಡುಬಿಟ್ಟಿದ್ದ ಹರಿಶ್ಚಂದ್ರನ ಮುಂದೆ ಇಬ್ಬರು ಗಾಣರಾಣಿಯರು ಹಾಡುತ್ತಾರೆ. ಅವರು ವಿಶ್ವಾಮಿತ್ರನ ಸಿಟ್ಟಿನಿಂದ ಹುಟ್ಟಿದವರು, ಹೊಲತಿಯರ ರೂಪದಲ್ಲಿ ಬಂದವರು. ಹಾಡಿಗೆ ಮೆಚ್ಚಿ ಅರಸನು ಆಭರಣಗಳನ್ನು ಕೊಡಹೋದರೆ ಅವರಿಗೆ ಅದು ಬೇಡ. ಅರಸನ ನೆತ್ತಿಯ ಮೇಲಿರುವ ಮುತ್ತಿನ ಸತ್ತಿಗೆ, ಎಂದರೆ ರಾಜಛತ್ರ, ಬೇಕು. ಅದು ವಂಶದ ಗುರುತು, ಕೊಡಲಾಗದು ಎನ್ನುತ್ತಾನೆ ಅರಸ. ಹಾಗಾದರೆ ನಮ್ಮನ್ನು ಮದುವೆಯಾಗು ಎನ್ನುತ್ತಾರೆ ಅವರು. ಕೀಳು ಕುಲದವರಾದ ನಿಮ್ಮನ್ನು ವರಿಸುವುದೆಂತು ಎಂದು ಅರಸ ಗದರಿದಾಗ ವಾದ ಬಿರುಸಾಗುತ್ತದೆ. ನಮ್ಮ ಹಾಡನ್ನು ಕೇಳಿದ ನಿನ್ನ ಕಿವಿಗೆ ಮೈಲಿಗೆಯಾಗಲಿಲ್ಲ. ನಮ್ಮ ರೂಪವನ್ನು ನೋಡಿದ ಕಣ್ಣಿಗೆ, ನಮ್ಮೊಡನೆ ಮಾತಾಡಿದ ನಾಲಗೆಗೆ, ನಮ್ಮ ಕಡೆಯಿಂದ ಬೀಸಿದ ಗಾಳಿಯನ್ನು ಮೂಸಿದ ಮೂಗಿಗೆ ಮೈಲಿಗೆಯಾಗಲಿಲ್ಲ. ಮುಟ್ಟಿದರೆ ಮಾತ್ರ ಹೇಗೆ ಮೈಲಿಗೆ? ಐದು ಇಂದ್ರಿಯಗಳಲ್ಲಿ ನಾಲ್ಕು ಕೀಳು, ಒಂದು ಮೇಲೆ ಎಂದಾಯಿತೆ?

ಅರಸನ ಬಳಿ ಇದಕ್ಕೆ ಉತ್ತರವಿಲ್ಲ. ಅವನು ಹೊಡೆದು ಅಟ್ಟುತ್ತಾನೆ. ವಾದದಲ್ಲಿ ಸೋತವನು ಕೈ ಎತ್ತುವ ಈ ಚಿತ್ರವನ್ನು ಕವಿ ಮರೆಮಾಚುವುದಿಲ್ಲ. ಸತ್ಯವಂತನೆಂದು ತಾನೇ ಹಾಡಿ ಹೊಗಳುತ್ತಿರುವ ನಾಯಕನ ಮೇಲೆ ಈ ಕಲೆಯನ್ನು ಇಟ್ಟು ಮುಂದುವರಿಯುತ್ತಾನೆ. ಬಳಿಕ ವಿಶ್ವಾಮಿತ್ರನು ಬಂದು ಆ ಕನ್ಯೆಯರನ್ನು ವರಿಸೆಂದು ಪಟ್ಟು ಹಿಡಿದಾಗ, ರಾಜ್ಯವನ್ನಾದರೂ ಬಿಟ್ಟೇನು, ಇವರನ್ನು ಮದುವೆಯಾಗೆನು ಎಂಬ ನಿಲುವಿಗೆ ಅರಸ ಬರುತ್ತಾನೆ. ರಾಜ್ಯ ಹೋಗುತ್ತದೆ. ಹೆಂಡತಿ ಮಗ ಮಾರಾಟವಾಗುತ್ತಾರೆ. ಕೊನೆಗೆ ಹೊಲತಿಯರನ್ನು ಮುಟ್ಟೆನೆಂದ ಅರಸನನ್ನು ಕೊಳ್ಳುವವನು ಸುಡುಗಾಡಿನ ಒಡೆಯನಾದ ವೀರಬಾಹು. ಕಥೆಯನ್ನು ಹಳೆಯ ಪುರಾಣದಿಂದ ಪಡೆದ ಕವಿ ಈ ಹಾಡುವ ಹೆಣ್ಣುಗಳ ವಾದವನ್ನು ಅದರ ಹೊಸ್ತಿಲಲ್ಲಿ ನಿಲ್ಲಿಸಿದ್ದರಿಂದ, ಮುಂದಿನ ಎಲ್ಲ ಕಷ್ಟಗಳೂ ಆ ಉತ್ತರವಿಲ್ಲದ ಪ್ರಶ್ನೆಯ ಬೆನ್ನಿಗೆ ಬರುತ್ತವೆ. ಹರಿಶ್ಚಂದ್ರ ಎಂದರೆ ಸುಳ್ಳಾಡದವನು ಎಂಬಷ್ಟನ್ನೇ ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ.

1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ರಾಜ್‌ಕುಮಾರ್ ಅಭಿನಯಿಸಿದ 'ಸತ್ಯ ಹರಿಶ್ಚಂದ್ರ' ಬಂತು. ಆ ಚಿತ್ರವನ್ನು ಜನ ನೆನೆಯುವುದು ಸತ್ಯದ ಮಹಿಮೆಗೆ ಮಾತ್ರವಲ್ಲ. 'ಕುಲದಲ್ಲಿ ಕೀಳ್ಯಾವುದೋ' ಎಂಬ ಹಾಡಿಗೆ. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಇಂದಿಗೂ ಆ ಹಾಡಿಗೆ ಒತ್ತಾಯ ಬರುತ್ತದೆ, ಮುಂದಿನ ಸಾಲಿನ ಹುಡುಗರು ಕುಣಿಯುತ್ತಾರೆ. ಹಾಡಿನ ಪದಗಳು ರಾಘವಾಂಕನವಲ್ಲ. ಆದರೂ ಪ್ರಶ್ನೆ ಅದೇ ಹೆಣ್ಣುಗಳದ್ದು. ವಿದ್ವಾಂಸರ ಟಿಪ್ಪಣಿಗಳಲ್ಲಿ ಉಳಿದಿದ್ದ ವಾದವೊಂದು ಸಿನಿಮಾದ ಮೂಲಕ ಬೀದಿಗೆ ಮರಳಿದ್ದನ್ನು ನಾನು ಬಹಳ ದೊಡ್ಡ ಸಂಗತಿಯೆಂದು ಎಣಿಸುತ್ತೇನೆ.

ಅದೇ ನಿರ್ದೇಶಕರ 1977ರ 'ಬಭ್ರುವಾಹನ'ವೂ ಇಲ್ಲಿ ನೆನೆಯತಕ್ಕದ್ದು. ದೇವನೂರಿನ ಲಕ್ಷ್ಮೀಶನ 'ಜೈಮಿನಿ ಭಾರತ'ದಿಂದ ಕನ್ನಡಿಗರ ಮನೆಮಾತಾದ ತಂದೆ ಮಗನ ಆ ಕಲಹ, ಚಿತ್ರದಲ್ಲಿ 'ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ' ಎಂಬ ಹಾಡಿನ ಜಗಳವಾಯಿತು. ಕರಾವಳಿ ಮಲೆನಾಡುಗಳ ತಾಳಮದ್ದಳೆಯಂತೂ ವಾದವನ್ನೇ ಕಲೆಯಾಗಿಸಿಕೊಂಡಿದೆ: ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಒಂದು ಪದ್ಯ ಮುಗಿದ ಮೇಲೆ ಇಬ್ಬರು ಅರ್ಥಧಾರಿಗಳು ಎದುರುಬದುರು ಕುಳಿತು ರಾಮನಾಗಿ, ವಾಲಿಯಾಗಿ ವಾದಿಸುತ್ತಾರೆ. ಬೆಂಗಳೂರಿನಲ್ಲೂ ಈಗ ತಾಳಮದ್ದಳೆಗಳು ನಡೆಯುತ್ತವೆ. ವಾಲಿ ಕೇಳಿದ್ದಕ್ಕೆ ರಾಮನ ಅರ್ಥಧಾರಿ ಅಂದು ಏನು ಹೇಳುತ್ತಾರೆಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ, ಅದಕ್ಕಾಗಿಯೇ ಜನ ಹೋಗುತ್ತಾರೆ.

ಈ ಊರಿನ ಊಟಕ್ಕೆ ಸಂಬಂಧಿಸಿದ ಕಾವ್ಯವೊಂದನ್ನು ಹೇಳದೆ ಹೋದರೆ ತಪ್ಪಾದೀತು. ಕನಕದಾಸರ 'ರಾಮಧಾನ್ಯ ಚರಿತೆ' ಭಾಮಿನಿ ಷಟ್ಪದಿಯಲ್ಲಿರುವ ಸಣ್ಣ ಕಾವ್ಯ. ರಾಮನ ಎದುರಿಗೆ ಭತ್ತಕ್ಕೂ ರಾಗಿಗೂ ಜಗಳ ಹತ್ತುತ್ತದೆ. ದೇವರ ನೈವೇದ್ಯಕ್ಕೆ, ಮಂತ್ರಾಕ್ಷತೆಗೆ ಬೇಕಾದವನು ನಾನು, ನೀನು ಕೀಳು ಜನರ ಆಹಾರ ಎಂದು ಭತ್ತ ಹಳಿದಾಗ ರಾಗಿ ಸುಮ್ಮನಿರುವುದಿಲ್ಲ. ಬಡವರನ್ನು ಕಣ್ಣೆತ್ತಿ ನೋಡದೆ ಹಣವಂತರ ಬೆನ್ನು ಹತ್ತುವ ನೀನು ರೋಗಿಗೆ ಪಥ್ಯ, ಹೆಣದ ಬಾಯಿಗೆ ತುತ್ತು. ಮಳೆ ಹೋಗಿ ಬರ ಬಂದಾಗ ಲೋಕವನ್ನು ಉಳಿಸುವವನು ನಾನು ಎಂದು ತಿರುಗಿ ಬೀಳುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಷ್ಟರಲ್ಲಿ ಭತ್ತ ಕಂದುತ್ತದೆ, ರಾಗಿ ಹಾಗೆಯೇ ಉಳಿಯುತ್ತದೆ. ನೆಲದೊಳಗಿನ ಧಾನ್ಯದ ಕಣಜವಾದ ಹಗೇವಿನಲ್ಲಿ ರಾಗಿ ಎಷ್ಟು ಕಾಲ ಕೆಡದೆ ಇರುತ್ತದೆಂದು ಬಲ್ಲ ಒಕ್ಕಲು ಮಕ್ಕಳಿಗೆ ಈ ತೀರ್ಪಿನ ನ್ಯಾಯವನ್ನು ವಿವರಿಸಬೇಕಾಗಿರಲಿಲ್ಲ.

ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ಕನಕದಾಸರ ಈ ಕಾವ್ಯವನ್ನು ನಮ್ಮಲ್ಲಿ ಅನೇಕರು ನೆನೆದರು. ಸಂತೋಷ. ಆದರೆ ಅಲ್ಲಿಯೂ ಉಳಿದದ್ದು ರಾಗಿ ಆರೋಗ್ಯಕ್ಕೆ ಒಳ್ಳೆಯದು ಎಂಬ ಅರ್ಧ ಮಾತು. ರಾಗಿ ತನ್ನ ಹೆಚ್ಚುಗಾರಿಕೆಯೆಂದು ಹೇಳಿಕೊಂಡದ್ದು ಬಡವರ ಜೊತೆ ನಿಂತದ್ದನ್ನು. ಸಕ್ಕರೆ ಕಾಯಿಲೆಗೆ ಹೆದರಿದ ಅನುಕೂಲವಂತರು ಅಂಗಡಿಯಲ್ಲಿ ಹೆಚ್ಚಿನ ಬೆಲೆ ಕೊಟ್ಟು ರಾಗಿಯ ಬಿಸ್ಕತ್ತು ಕೊಳ್ಳುತ್ತಿರುವಾಗ, ಮಾಗಡಿ, ಕನಕಪುರ, ರಾಮನಗರಗಳ ಹೊಲಗಳಲ್ಲಿ ಅದನ್ನು ಬೆಳೆದವರ ಪಾಲಿಗೆ ಏನು ಬಂತೆಂದು ಆ ಕಾವ್ಯದ ರಾಗಿ ಖಂಡಿತ ಕೇಳುತ್ತಿತ್ತು.

ಕೊನೆಯದಾಗಿ ರಂಗಭೂಮಿ. ಜನ್ನನು 1209ರಲ್ಲಿ ಬರೆದ 'ಯಶೋಧರ ಚರಿತೆ'ಯಲ್ಲಿ ರಾಣಿ ಅಮೃತಮತಿಯು ಬೆಳಗಿನ ಜಾವದಲ್ಲಿ ಮಾವುತನೊಬ್ಬನ ಹಾಡನ್ನು ಕೇಳಿ ಸೋಲುತ್ತಾಳೆ. ನೋಡಿ ಬಂದ ಸಖಿ ಅವನ ಕುರೂಪವನ್ನು ಬಣ್ಣಿಸಿ ಹೇಸಿದರೆ, 'ಒಲವಾದೊಡೆ ರೂಪಿನ ಕೋಟಲೆಯೇವುದೊ' ಎಂದು ಎದುರಾಡುತ್ತಾಳೆ. ಜನ್ನನ ಧರ್ಮ ಆಕೆಯನ್ನು ಖಂಡಿಸುತ್ತದೆ. ಆದರೂ ಆ ಒಂದು ಸಾಲಿನಲ್ಲಿ ಆಕೆಯ ಪಕ್ಷವನ್ನು ಪೂರ್ತಿಯಾಗಿ ಕೇಳಿಸುವಷ್ಟು ದೊಡ್ಡ ಕವಿ ಆತ. ಮುಂದೆ ತಾಯಿಯ ಒತ್ತಾಯಕ್ಕೆ ಮಣಿದು ಅರಸನು ಜೀವಂತ ಕೋಳಿಯ ಬದಲು ಹಿಟ್ಟಿನ ಹುಂಜವನ್ನು ಬಲಿ ಕೊಡುತ್ತಾನೆ. ಮನಸ್ಸಿನಲ್ಲಿ ಮಾಡಿದ ಹಿಂಸೆಯೂ ಹಿಂಸೆಯೇ ಎಂಬ ನಿರ್ಣಯದೊಂದಿಗೆ ಜನ್ಮ ಜನ್ಮಾಂತರಗಳ ಕಥೆ ಸಾಗುತ್ತದೆ. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ'ದಲ್ಲಿ ಆ ಜನ್ಮಾಂತರಗಳನ್ನೆಲ್ಲ ಕೈಬಿಟ್ಟು, ಅರಸ, ರಾಣಿ, ಅರಸನ ತಾಯಿ, ಮಾವುತ ಎಂಬ ನಾಲ್ವರನ್ನೇ ರಂಗದ ಮೇಲೆ ಮುಖಾಮುಖಿಯಾಗಿ ನಿಲ್ಲಿಸಿದರು. ಕಾವ್ಯದ ತೀರ್ಪನ್ನು ಬಿಟ್ಟು ವಾದವನ್ನು ಉಳಿಸಿಕೊಂಡ ನಾಟಕ ಅದು. ನಾನು ಈವರೆಗೆ ಹೇಳಿದ ಬಿಡಿ ಸಾಲುಗಳಿಗೆ ಆದದ್ದರ ನೇರ ವಿರುದ್ಧ. ಮಂಡಲ್ ಮತ್ತು ಮಂದಿರದ ಚಳವಳಿಗಳು ದೇಶವನ್ನು ಅಲುಗಿಸುತ್ತಿದ್ದ ಹೊತ್ತಿನಲ್ಲಿ ಅವರು ಬರೆದ 'ತಲೆದಂಡ'ವೂ ಕಲ್ಯಾಣದ ಶರಣರನ್ನು ಪೂಜೆಯ ಪಟಗಳಿಂದ ಇಳಿಸಿ, ಪರಸ್ಪರ ಒಪ್ಪದ, ತಪ್ಪುವ, ಹಠ ಹಿಡಿಯುವ ಮನುಷ್ಯರನ್ನಾಗಿ ತೋರಿಸಿತು. ಪಿ. ಲಂಕೇಶರ 'ಸಂಕ್ರಾಂತಿ'ಯೂ ಎಚ್. ಎಸ್. ಶಿವಪ್ರಕಾಶರ 'ಮಹಾಚೈತ್ರ'ವೂ ಇದೇ ದಾರಿ ಹಿಡಿದವು.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಪ್ರೌಢಶಾಲೆಯ ಕನ್ನಡ ಶಿಕ್ಷಕಿಯೊಬ್ಬರು, ಇಷ್ಟನ್ನು ನಲವತ್ತು ನಿಮಿಷದ ತರಗತಿಯಲ್ಲಿ ತರುವುದು ಹೇಗೆ ಸಾರ್ ಎಂದು ಕೇಳಿದರು. ಎಲ್ಲವನ್ನೂ ತರಬೇಕಿಲ್ಲ. ಮಾರಯ್ಯನ ವಚನ ಪಠ್ಯದಲ್ಲಿದ್ದರೆ ಲಕ್ಕಮ್ಮನ ವಚನವನ್ನು ಕರಿಹಲಗೆಯ ಮೇಲೆ ಅದರ ಎದುರಿಗೆ ಬರೆಯಿರಿ. ಒಬ್ಬ ಹುಡುಗ ಒಂದನ್ನು, ಒಬ್ಬ ಹುಡುಗಿ ಇನ್ನೊಂದನ್ನು ಗಟ್ಟಿಯಾಗಿ ಓದಲಿ, ಮರುದಿನ ಓದುವವರು ಅದಲುಬದಲಾಗಲಿ ಎಂದು ಹೇಳಿದೆ. ಗಾಣರಾಣಿಯರ ಪ್ರಸಂಗವನ್ನು ಹತ್ತನೆಯ ತರಗತಿಯವರು ಓದಬಲ್ಲರೇ ಎಂಬ ಸಂದೇಹವನ್ನೂ ಅವರು ಮುಂದಿಟ್ಟರು. ವಾರ್ಧಕ ಷಟ್ಪದಿಯ ಪದಗಳು ಮೊದಲು ತೊಡರುತ್ತವೆ, ನಿಜ. ಆದರೆ ಟಿ. ಎಸ್. ವೆಂಕಣ್ಣಯ್ಯ ಮತ್ತು ಎ. ಆರ್. ಕೃಷ್ಣಶಾಸ್ತ್ರಿಗಳು ಸಾಮಾನ್ಯ ಓದುಗರಿಗಾಗಿಯೇ ಆ ಕಾವ್ಯದ ಸಂಗ್ರಹವನ್ನು ಸಿದ್ಧಪಡಿಸಿದ್ದಾರೆ. ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ, ಅರಸನ ಮಾತು ಎಲ್ಲಿ ಮುಗಿದು ಹೆಣ್ಣುಗಳ ಮಾತು ಎಲ್ಲಿ ಮೊದಲಾಗುತ್ತದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರೆ ಅರ್ಧ ಕಷ್ಟ ಅಲ್ಲೇ ಪರಿಹಾರವಾಗುತ್ತದೆ. ಕಿವಿ, ಕಣ್ಣು, ನಾಲಗೆ, ಮೂಗುಗಳ ಲೆಕ್ಕಾಚಾರ ಬಂದ ಮೇಲೆ ಉಳಿದದ್ದನ್ನು ಮಕ್ಕಳೇ ಮುಂದುವರಿಸುತ್ತಾರೆ.